ಕಣ್ಣು ಸೋತಲ್ಲಿ ಕಿವಿ: ಹುಣಸೂರು ಸೀಮೆಯ ಕಥಾಪರಂಪರೆ ಮತ್ತು ನೋಟವಿಲ್ಲದ ಪತ್ತೇದಾರಿಕೆ

೧

ಒಂದು ಕೊಲೆ ನಡೆದಿದೆ. ಕಂಡವರು ಯಾರೂ ಇಲ್ಲ. ಕೊಂದವನು ಯಾರೆಂಬುದನ್ನು ಕಣ್ಣೇ ಇಲ್ಲದ ವ್ಯಕ್ತಿಯೊಬ್ಬ ಕಂಡುಹಿಡಿಯುತ್ತಾನೆ. ಆಧುನಿಕ ಪತ್ತೇದಾರಿ ಸಾಹಿತ್ಯದ ಈ ಕಥಾಸೂತ್ರವು ಮೇಲುನೋಟಕ್ಕೆ ಓದುಗರನ್ನು ಬೆರಗುಗೊಳಿಸಲು ಹೆಣೆದ ಚಮತ್ಕಾರವೆಂದು ತೋರಬಹುದು. ಆದರೆ ಜಾನಪದ ವಿದ್ವಾಂಸರಿಗೆ ಇದರ ಹಿಂದೆ ಬಹು ಹಳೆಯದಾದ ಒಂದು ಆಶಯ ಕಾಣಿಸುತ್ತದೆ. ಕಣ್ಣು ಮೋಸಹೋಗುವ ಇಂದ್ರಿಯ. ಆದ್ದರಿಂದ ಅಪರಾಧದ ಶೋಧನೆ ಕಣ್ಣಿನಾಚೆಯ ಪ್ರಮಾಣಗಳಿಂದ ನಡೆಯಬೇಕು ಎಂಬುದೇ ಆ ಆಶಯ.

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳನ್ನು ಒಳಗೊಂಡ ಸೀಮೆಯಲ್ಲಿ ಈ ಆಶಯವು ಲಿಖಿತ ಕಾವ್ಯದಲ್ಲಿಯೂ ಮೌಖಿಕ ಪರಂಪರೆಯಲ್ಲಿಯೂ ಲೋಕಾಚಾರದಲ್ಲಿಯೂ ನೆಲೆಗೊಂಡಿದೆ. ಅದರ ಸ್ವರೂಪವನ್ನು ವಿವರಿಸುವುದು ಹಾಗೂ ಅದಕ್ಕೆ ಇಂದಿಗೂ ಇರುವ ಅರ್ಥವನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲಿಗೆ ಆಧುನಿಕ ರೂಪವನ್ನು ಪರಿಶೀಲಿಸಬಹುದು. ಇಂಗ್ಲಿಷ್ ಲೇಖಕ ಅರ್ನೆಸ್ಟ್ ಬ್ರಾಮಾ ಸೃಷ್ಟಿಸಿದ ಮ್ಯಾಕ್ಸ್ ಕ್ಯಾರಡೋಸ್ ಈ ಬಗೆಯ ಪಾತ್ರಗಳಲ್ಲಿ ಪ್ರಸಿದ್ಧನಾದವನು. ಅವನ ಮೊದಲ ಕಥಾಸಂಕಲನ ೧೯೧೪ರಲ್ಲಿ ಪ್ರಕಟವಾಯಿತು. ಕುದುರೆ ಸವಾರಿಯ ವೇಳೆ ನಡೆದ ಅವಘಡದಲ್ಲಿ ದೃಷ್ಟಿ ಕಳೆದುಕೊಂಡ ಕ್ಯಾರಡೋಸನನ್ನು ಅವನ ಹಳೆಯ ಸಹಪಾಠಿಯೂ ಖಾಸಗಿ ಪತ್ತೇದಾರನೂ ಆದ ಕಾರ್ಲೈಲ್ ಕಾಣಲು ಬರುತ್ತಾನೆ. ಬಂದವನು ಯಾರೆಂಬುದನ್ನು ಕ್ಯಾರಡೋಸ್ ದನಿಯಿಂದಲೇ ಗುರುತಿಸುತ್ತಾನೆ. ಅವನು ತಂದ ಪ್ರಾಚೀನ ನಾಣ್ಯ ಖೋಟಾ ಎಂಬುದನ್ನು ಬೆರಳಿನ ಸ್ಪರ್ಶದಿಂದಲೇ ಹೇಳುತ್ತಾನೆ. ಕಣ್ಣುಳ್ಳವರು ನಾಣ್ಯದ ಹೊಳಪನ್ನು ನೋಡಿ ಮೋಸಹೋಗುತ್ತಾರೆ. ಅವನಿಗೆ ಹೊಳಪೇ ಇಲ್ಲದ ಕಾರಣ ಮೋಸವೂ ಇಲ್ಲ.

ಅಮೆರಿಕೆಯ ಬೇನಾರ್ಡ್ ಕೆಂಡ್ರಿಕ್ ೧೯೩೭ರಿಂದ ಬರೆದ ಕಾದಂಬರಿಗಳ ನಾಯಕ ಕ್ಯಾಪ್ಟನ್ ಡಂಕನ್ ಮೆಕ್ಲೇನ್ ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡವನು. ಎರಡು ನಾಯಿಗಳ ನೆರವಿನಿಂದ ನ್ಯೂಯಾರ್ಕ್ ನಗರದಲ್ಲಿ ಖಾಸಗಿ ಪತ್ತೇದಾರಿಕೆ ನಡೆಸುವವನು. ೧೯೪೨ರಲ್ಲಿ ಈ ಪಾತ್ರ ಚಲನಚಿತ್ರಕ್ಕೂ ಬಂದಿತು. ಈ ಬಗೆಯ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಸನ್ನಿವೇಶವಿದೆ: ಅಪಾಯದ ಕ್ಷಣದಲ್ಲಿ ನಾಯಕ ದೀಪವನ್ನು ಆರಿಸುತ್ತಾನೆ. ಕತ್ತಲೆ ಕವಿದೊಡನೆ ಶಸ್ತ್ರ ಹಿಡಿದ ಅಪರಾಧಿಯೇ ಕುರುಡನಾಗುತ್ತಾನೆ. ಕುರುಡನಿಗೆ ದಾರಿ ತಿಳಿದಿರುತ್ತದೆ.

ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪುರುಷೋತ್ತಮ ಮೊದಲಾದ ಪತ್ತೇದಾರರು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಪಾರ ಓದುಗರನ್ನು ಗಳಿಸಿದರು. ಆದರೆ ಅವರು ಕಣ್ಣುಳ್ಳ ಸಾಹಸಿಗಳು. ಕೊಲೆಗಾರನ ಬೆನ್ನುಹತ್ತುವ ದೃಷ್ಟಿಹೀನ ನಾಯಕನು ಕನ್ನಡದ ಬಹುಸಂಖ್ಯಾತ ಪ್ರೇಕ್ಷಕರಿಗೆ ಪರಿಚಿತನಾದದ್ದು ೨೦೧೯ರ ‘ಕವಚ’ ಚಲನಚಿತ್ರದಿಂದ. ಶಿವರಾಜಕುಮಾರ್ ಅಭಿನಯಿಸಿದ ಈ ಚಿತ್ರ ೨೦೧೬ರ ಮಲಯಾಳಂ ಚಿತ್ರ ‘ಒಪ್ಪಂ’ನ ರೂಪಾಂತರ. ಹೀಗೆ ನೋಡಿದರೆ ಈ ಪಾತ್ರ ನಮಗೆ ಹೊರಗಿನಿಂದ ಬಂದ ಅತಿಥಿ. ಪಾತ್ರ ಹೊರಗಿನದಾದರೂ ಅದರ ತಿರುಳಾದ ಆಶಯ ಹೊರಗಿನದಲ್ಲ. ಅದಕ್ಕೆ ಹುಣಸೂರು ಸೀಮೆಯಲ್ಲಿಯೇ ಐದು ಶತಮಾನಗಳ ಹಿಂದಿನ ಲಿಖಿತ ಆಧಾರವಿದೆ.

೩

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು ಚೆಂಗಾಳ್ವರ ಸಚಿವರ ಮನೆತನಕ್ಕೆ ಸೇರಿದ ಜೈನಕವಿ. ‘ಜಯನೃಪಕಾವ್ಯ’, ‘ನೇಮಿಜಿನೇಶಸಂಗತಿ’, ‘ಶ್ರೀಪಾಲಚರಿತೆ’, ‘ಪ್ರಭಂಜನಚರಿತೆ’ಗಳ ಜೊತೆಗೆ ಅಡುಗೆಯನ್ನು ಕುರಿತ ‘ಸೂಪಶಾಸ್ತ್ರ’ವನ್ನೂ ರಚಿಸಿದ ಈ ಕವಿ ಕ್ರಿ.ಶ. ೧೫೦೮ರ ಸುಮಾರಿಗೆ ‘ಸಮ್ಯಕ್ತ್ವಕೌಮುದಿ’ಯನ್ನು ಬರೆದನು. ಸಂಸ್ಕೃತದಲ್ಲಿಯೂ ಪ್ರಚಲಿತವಾಗಿರುವ ಈ ಕಥಾಗುಚ್ಛದ ಗುರಿ ಧರ್ಮಬೋಧೆ. ಆದರೆ ಅದರ ಒಡಲಲ್ಲಿರುವ ಹಲವು ಕಥೆಗಳು ಶುದ್ಧ ಪತ್ತೇದಾರಿ ಕಥೆಗಳು. ಪಾಠದಿಂದ ಪಾಠಕ್ಕೆ ಹೆಸರು ವಿವರಗಳು ವ್ಯತ್ಯಾಸಗೊಂಡರೂ ಕಥೆಯ ಸಾಮಾನ್ಯ ಹಂದರ ಹೀಗಿದೆ.

ರೂಪ್ಯಖುರನೆಂಬ ಕಳ್ಳನಿಗೆ ಅದೃಶ್ಯಾಂಜನ ಸಿದ್ಧಿಸಿತ್ತು. ಕಣ್ಣಿಗೆ ಅದನ್ನು ಹಚ್ಚಿಕೊಂಡರೆ ಅವನು ಯಾರ ನೋಟಕ್ಕೂ ಬೀಳುತ್ತಿರಲಿಲ್ಲ. ಒಂದು ದಿನ ಹಸಿದು ಬರುತ್ತಿದ್ದಾಗ ಅರಮನೆಯ ಅಡುಗೆಯ ಪರಿಮಳ ಅವನ ಮೂಗಿಗೆ ತಾಗಿತು. ಅಂಜನ ಹಚ್ಚಿಕೊಂಡು ಒಳಹೊಕ್ಕವನು ಅರಸನ ಹರಿವಾಣದಲ್ಲಿಯೇ ಉಂಡನು. ಅಂದಿನಿಂದ ಅದು ನಿತ್ಯದ ರೂಢಿಯಾಯಿತು. ಬಡಿಸಿದ್ದೆಲ್ಲ ಖಾಲಿಯಾಗುತ್ತಿದ್ದರೂ ಅರಸನಿಗೆ ಹೊಟ್ಟೆ ತುಂಬದು. ಹಸಿವನ್ನು ಹೇಳಿಕೊಳ್ಳಲು ನಾಚಿಕೆ. ದಿನೇ ದಿನೇ ಬಡವಾಗುತ್ತಿದ್ದ ಅರಸನನ್ನು ಮಂತ್ರಿ ವಿಚಾರಿಸಿದಾಗ ವಿಷಯ ಹೊರಬಿತ್ತು.

ಇಲ್ಲಿಂದ ಮುಂದಿನದು ಮಂತ್ರಿಯ ಶೋಧನೆ. ಅವನು ಕಾವಲುಗಾರರಿಗೆ ಕಣ್ಣಿಟ್ಟು ನೋಡಿರೆಂದು ಹೇಳುವುದಿಲ್ಲ. ಕಾಣದವನನ್ನು ಹಿಡಿಯಲು ಕಣ್ಣು ನಿರುಪಯೋಗಿ ಎಂಬುದನ್ನು ಮೊದಲು ಒಪ್ಪಿಕೊಳ್ಳುತ್ತಾನೆ. ಊಟದ ಮನೆಯ ನೆಲದ ಮೇಲೆ ಒಣಗಿದ ಎಕ್ಕದ ಹೂಗಳನ್ನು ಹರಡಿಸುತ್ತಾನೆ. ಕಳ್ಳ ಕಾಲಿಟ್ಟೊಡನೆ ಹೂಗಳು ಚರಚರನೆ ಪುಡಿಯಾಗುತ್ತವೆ. ಸದ್ದು ಕೇಳಿದ ಕೂಡಲೆ ಬಾಗಿಲುಗಳನ್ನು ಮುಚ್ಚಿ ಒಳಗೆ ದಟ್ಟವಾದ ಹೊಗೆ ಹಾಕಿಸುತ್ತಾನೆ. ಹೊಗೆಯ ಉರಿಗೆ ಕಳ್ಳನ ಕಣ್ಣಲ್ಲಿ ನೀರು ಸುರಿದು ಅಂಜನ ತೊಳೆದುಹೋಗುತ್ತದೆ. ಅವನು ಎಲ್ಲರ ಕಣ್ಣೆದುರು ನಿಲ್ಲುತ್ತಾನೆ.

ಕಳ್ಳನನ್ನು ಸೆಳೆದದ್ದು ಮೂಗು, ಒಪ್ಪಿಸಿದ್ದು ಕಾಲು, ಗುರುತಿಸಿದ್ದು ಕಿವಿ, ಬಯಲಿಗೆಳೆದದ್ದು ಹೊಗೆ. ಕಣ್ಣಿಗೆ ಇಲ್ಲಿ ಕೊನೆಯ ಪಾತ್ರ ಮಾತ್ರ. ‘ಸೂಪಶಾಸ್ತ್ರ’ದ ಕರ್ತೃವಿಗೆ ಅಡುಗೆಮನೆಯ ಪರಿಮಳದಿಂದ ಮೊದಲಾಗಿ ಹೊಗೆಯಲ್ಲಿ ಮುಗಿಯುವ ಈ ಕಥೆ ಒದಗಿಬಂದುದು ಒಂದು ಸುಂದರ ಕಾಕತಾಳೀಯ.

ಇದೇ ಗುಚ್ಛದ ಮತ್ತೊಂದು ಕಥೆಯಲ್ಲಿ ಯಮದಂಡನೆಂಬ ತಳಾರನಿಗೆ, ಅಂದರೆ ನಗರರಕ್ಷಕನಿಗೆ, ಬೊಕ್ಕಸದ ಕಳ್ಳನನ್ನು ಏಳು ದಿನಗಳಲ್ಲಿ ಹಿಡಿಯಬೇಕೆಂಬ ಆಜ್ಞೆಯಾಗುತ್ತದೆ. ಕನ್ನ ಕೊರೆದ ಜಾಗದಲ್ಲಿ ಅವನಿಗೆ ಸಿಕ್ಕವು ಮೂರು ಕುರುಹುಗಳು: ಅರಸನ ಪಾದುಕೆ, ಮಂತ್ರಿಯ ಮುದ್ರೆಯುಂಗುರ, ಪುರೋಹಿತನ ಜನಿವಾರ. ಅವನನ್ನು ಕೆಡಿಸಲೆಂದು ಆ ಮೂವರೇ ಕಳವು ಮಾಡಿದ್ದರು. ಯಮದಂಡನು ಏಳು ದಿನವೂ ಆಸ್ಥಾನಕ್ಕೆ ಬಂದು ಒಂದೊಂದು ಕಥೆ ಹೇಳುತ್ತಾನೆ. ಪ್ರತಿಯೊಂದು ಕಥೆಯ ಸಾರವೂ ಕಾಯಬೇಕಾದವನೇ ಕೆಡುಕನಾದರೆ ಮೊರೆಯಿಡುವುದು ಯಾರಲ್ಲಿ ಎಂಬುದೇ. ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ನಮ್ಮ ಗಾದೆಯ ವಿಸ್ತರಣೆ ಅದು. ಕಡೆಗೆ ಕುರುಹುಗಳನ್ನು ಪ್ರಜೆಗಳ ಮುಂದಿಟ್ಟಾಗ ಅರಸನೇ ಪದವಿ ಕಳೆದುಕೊಳ್ಳುತ್ತಾನೆ. ಕಣ್ಣೆದುರಿನ ಅಧಿಕಾರವನ್ನು ನೋಡಿ ಬೆದರದೆ, ಸಿಕ್ಕ ಕುರುಹು ಹೇಳಿದ್ದನ್ನಷ್ಟೇ ನಂಬುವ ಈ ತಳಾರನು, ನೌಕರಿಯಲ್ಲಿದ್ದರೂ, ಮನೋಧರ್ಮದಲ್ಲಿ ಖಾಸಗಿ ಪತ್ತೇದಾರನೇ.

೪

ಈ ಆಶಯವನ್ನು ಅಂತಾರಾಷ್ಟ್ರೀಯ ಹಿನ್ನೆಲೆಯಲ್ಲಿಟ್ಟು ನೋಡುವುದು ಉಪಯುಕ್ತ. ಸ್ಟಿತ್ ಥಾಮ್ಸನ್ನನ ಆಶಯ ಸೂಚಿಯಲ್ಲಿ ‘ಬೂದಿ ಅಥವಾ ಮರಳು ಹರಡಿ ಪತ್ತೆಹಚ್ಚುವುದು’ ಎಂಬುದಕ್ಕೆ ಜೆ ೧೧೪೬ ಎಂಬ ಸಂಖ್ಯೆಯಿದೆ. ಇದರ ಪ್ರಸಿದ್ಧ ನಿದರ್ಶನ ಬೈಬಲ್ಲಿನ ಗ್ರೀಕ್ ಪಾಠದ ದಾನಿಯೇಲನ ಗ್ರಂಥಕ್ಕೆ ಸೇರಿದ ಬೇಲ್ ವಿಗ್ರಹದ ಕಥೆ. ವಿಗ್ರಹದ ಮುಂದಿಟ್ಟ ನೈವೇದ್ಯ ಪ್ರತಿರಾತ್ರಿ ಮಾಯವಾಗುತ್ತದೆ. ದೇವರೇ ಉಣ್ಣುತ್ತಾನೆಂದು ಅರಸ ನಂಬಿದ್ದಾನೆ. ದಾನಿಯೇಲನು ಗುಡಿಯ ನೆಲಕ್ಕೆ ಬೂದಿ ಚೆಲ್ಲಿಸಿ ಬಾಗಿಲಿಗೆ ಮುದ್ರೆ ಹಾಕಿಸುತ್ತಾನೆ. ಬೆಳಗಾದಾಗ ಪೂಜಾರಿಗಳ, ಅವರ ಹೆಂಡಿರು ಮಕ್ಕಳ ಹೆಜ್ಜೆಗುರುತುಗಳು ನೆಲದ ಮೇಲೆ ಮೂಡಿರುತ್ತವೆ.

ಎರಡು ಕಥೆಗಳ ಸಾಮ್ಯ ಸ್ಪಷ್ಟ. ಎರಡರಲ್ಲಿಯೂ ಅನ್ನ ಮಾಯವಾಗುತ್ತದೆ, ಉಣ್ಣುವವನು ಕಾಣುವುದಿಲ್ಲ, ನೆಲವೇ ಸಾಕ್ಷಿ ನುಡಿಯುತ್ತದೆ. ಆದರೆ ವ್ಯತ್ಯಾಸವೂ ಅಷ್ಟೇ ಮುಖ್ಯ. ಬೂದಿಯ ಮೇಲಿನ ಹೆಜ್ಜೆಯನ್ನು ಓದಲು ಕಣ್ಣು ಬೇಕು. ಒಣಹೂವಿನ ಸದ್ದನ್ನು ತಿಳಿಯಲು ಕಿವಿ ಸಾಕು. ಸಮ್ಯಕ್ತ್ವಕೌಮುದಿಯ ಮಂತ್ರಿಗೆ ಕಣ್ಣಿದ್ದರೂ ಅವನು ಕುರುಡನ ವಿಧಾನವನ್ನು ಅನುಸರಿಸುತ್ತಾನೆ. ಜೆ ೧೧೪೬ ಎಂಬ ಆಶಯದಲ್ಲಿ ‘ನೋಟದ ಪಾಠ’ ಮತ್ತು ‘ಶ್ರವಣದ ಪಾಠ’ ಎಂಬ ಎರಡು ಉಪಭೇದಗಳನ್ನು ಗುರುತಿಸಬೇಕೆಂಬುದು ಪ್ರಸ್ತುತ ಲೇಖಕರ ಸೂಚನೆ. ದೀಪವಾರಿಸುವ ಕ್ಯಾರಡೋಸ್ ಈ ಎರಡನೆಯ ಉಪಭೇದದ ದೂರದ ಬಂಧು.

ಕೊಲೆಯನ್ನೇ ಕುರಿತ ‘ಹಾಡುವ ಮೂಳೆ’ ಎಂಬ ಕಥಾವರ್ಗವನ್ನೂ ಇಲ್ಲಿ ಹೆಸರಿಸಬೇಕು. ಆರ್ನೆ–ಥಾಮ್ಸನ್ ವರ್ಗಸೂಚಿಯಲ್ಲಿ ಇದರ ಸಂಖ್ಯೆ ೭೮೦. ಕೊಲೆಯಾದವರ ಮೂಳೆಯಿಂದಲೋ ಅವರನ್ನು ಹೂತಲ್ಲಿ ಬೆಳೆದ ಗಿಡದಿಂದಲೋ ಮಾಡಿದ ವಾದ್ಯ ತಾನಾಗಿ ಹಾಡಿ ಕೊಲೆಯನ್ನು ಸಾರುತ್ತದೆ. ಸಂತಾಲರ ಪಾಠದಲ್ಲಿ ಕೆರೆಯಲ್ಲಿ ಮುಳುಗಿದ ತಂಗಿ ಬಿದಿರಾಗಿ ಬೆಳೆಯುತ್ತಾಳೆ. ಜೋಗಿಯೊಬ್ಬ ಆ ಬಿದಿರಿನಿಂದ ವಾದ್ಯ ಮಾಡಿ ನುಡಿಸುತ್ತಾನೆ. ಇಲ್ಲಿಯೂ ಕೊಲೆ ಕಾಣಿಸುವುದಿಲ್ಲ, ಕೇಳಿಸುತ್ತದೆ. ಆದರೆ ಇಲ್ಲಿ ಸತ್ತವರೇ ಮಾತನಾಡುತ್ತಾರೆ, ಯಾರೂ ಶೋಧಿಸಬೇಕಾಗಿಲ್ಲ. ಅಲೌಕಿಕ ದನಿಯ ಈ ಧಾರೆಯನ್ನೂ ಒಣಹೂವಿನ ಸದ್ದಿನ ಲೌಕಿಕ ಧಾರೆಯನ್ನೂ ಬೇರೆಬೇರೆಯಾಗಿ ಕಾಣುವುದು ಅವಶ್ಯ. ಕುರುಡು ಪತ್ತೇದಾರ ಸೇರುವುದು ಎರಡನೆಯ ಧಾರೆಗೆ.

೫

ಮಂಗರಸನ ಕಾವ್ಯದಿಂದ ಅದೇ ಸೀಮೆಯ ಮೌಖಿಕ ಪರಂಪರೆಗೆ ಬಂದರೆ, ಕಣ್ಣನ್ನು ನಂಬಬಾರದೆಂಬ ಎಚ್ಚರ ಅಲ್ಲಿಯೂ ಬಲವಾಗಿದೆ. ಕೃಷ್ಣರಾಜನಗರ ತಾಲ್ಲೂಕಿನ ಕಪ್ಪಡಿ ಕ್ಷೇತ್ರ ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿಯ ನೆಲೆ. ತಂಬೂರಿ, ಗಗ್ಗರ, ಡಕ್ಕೆಗಳೊಡನೆ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಮಂಟೇಸ್ವಾಮಿಯು ಕಲ್ಯಾಣಕ್ಕೆ ಬರುವುದು ಹೇಸಿಗೆ ಹುಟ್ಟಿಸುವ ರೋಗಿಯ ರೂಪದಲ್ಲಿ. ಕಣ್ಣಿನಿಂದ ಅಳೆದ ಶರಣರು ಅವನನ್ನು ಗುರುತಿಸದೆ ಹೋಗುತ್ತಾರೆ. ಇದಕ್ಕೆ ವಿರುದ್ಧವಾದ ಚಿತ್ರ ‘ವಡ್ಡಾರಾಧನೆ’ಯ ವಿದ್ಯುಚ್ಚೋರನ ಕಥೆಯಲ್ಲಿದೆ, ಅಲ್ಲಿ ಕಳ್ಳನೇ ಹಗಲಿನಲ್ಲಿ ಕುಷ್ಠರೋಗಿಯ ವೇಷದಲ್ಲಿರುತ್ತಾನೆ. ಒಂದೆಡೆ ರೋಗಿಯ ರೂಪದೊಳಗೆ ದೇವರು, ಇನ್ನೊಂದೆಡೆ ಅದೇ ರೂಪದೊಳಗೆ ಕಳ್ಳ. ಎರಡೂ ಕಡೆ ಸೋಲುವುದು ಕಣ್ಣು.

ಹುಣಸೂರು ಮತ್ತು ಹೆಗ್ಗಡದೇವನಕೋಟೆಯ ಕಾಡಂಚಿನ ಜೇನುಕುರುಬರು, ಬೆಟ್ಟಕುರುಬರು ಮೊದಲಾದ ಸಮುದಾಯಗಳ ಅರಣ್ಯಜ್ಞಾನವನ್ನೂ ಇಲ್ಲಿ ನೆನೆಯಬೇಕು. ದಟ್ಟ ಪೊದೆಯ ಕಾಡಿನಲ್ಲಿ ಆನೆ ಕಾಣುವ ಮೊದಲು ಅದರ ವಾಸನೆ, ಕೊಂಬೆ ಮುರಿಯುವ ಸದ್ದು, ಲದ್ದಿಯ ಬಿಸಿ ಸುಳಿವು ನೀಡುತ್ತವೆ. ಆನೆಶಿಬಿರಗಳ ಮಾವುತರು, ಕಾವಾಡಿಗಳು, ಅರಣ್ಯ ಕಾವಲುಗಾರರು ಬಹುಮಟ್ಟಿಗೆ ಈ ಸಮುದಾಯಗಳಿಂದಲೇ ಬಂದವರು. ಇಟಲಿಯ ಇತಿಹಾಸಕಾರ ಕಾರ್ಲೊ ಗಿನ್ಸ್‌ಬರ್ಗ್ ೧೯೭೯ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಪತ್ತೇದಾರನ ವಿಧಾನದ ಮೂಲವನ್ನು ಬೇಟೆಗಾರನ ಜಾಡು ಓದುವ ವಿದ್ಯೆಯಲ್ಲಿ ಗುರುತಿಸಿದ್ದಾನೆ. ಆ ದೃಷ್ಟಿಯಿಂದ ಈ ಸೀಮೆಯ ಹಾಡಿಗಳ ಜನರು ಪತ್ತೇದಾರಿಕೆಯ ಅತ್ಯಂತ ಹಳೆಯ ವಿದ್ಯೆಯ ವಾರಸುದಾರರು.

ದೃಷ್ಟಿಹೀನರ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಕಣ್ಣಿಲ್ಲದವರಿಗೆ ದೇವರು ಬೇರೊಂದು ಕಣ್ಣು ಕೊಡುತ್ತಾನೆಂಬ ಲೋಕನಂಬಿಕೆಯಿದೆ. ಆದರೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ಅಂಧ ವಿದ್ಯಾರ್ಥಿಗಳನ್ನು ಸಂಗೀತಗಾರರನ್ನಾಗಿ ರೂಪಿಸಿದ್ದು ವರದಿಂದಲ್ಲ, ವರ್ಷಗಟ್ಟಲೆಯ ಸಾಧನೆಯಿಂದ. ಕಿವಿಯ ಸೂಕ್ಷ್ಮತೆ ಗಮನದ ಶಿಸ್ತು. ಅದನ್ನು ಪವಾಡವೆಂದು ಕರೆದರೆ ಆ ಶಿಸ್ತಿಗೂ ಅಪಚಾರ, ಆ ವ್ಯಕ್ತಿಗೂ ಅಪಚಾರ.

೬

ಲೋಕಾಚಾರದಲ್ಲಿ ಕಳವು ಕೊಲೆಗಳ ಪತ್ತೆಗೆ ಬೇರೊಂದು ದಾರಿಯೂ ಇತ್ತು. ಕಣಿ ಕೇಳುವುದು, ದೇವರು ಮೈದುಂಬಿದವರಲ್ಲಿ ವಿಚಾರಿಸುವುದು, ಅಂಜನ ಹಾಕಿಸುವುದು ಇವೇ ಮೊದಲಾದವು ಆ ದಾರಿಗಳು. ಅಂಜನ ಹಾಕಿಸುವಾಗ ಅಂಗೈಗೋ ವೀಳ್ಯದೆಲೆಗೋ ಕಪ್ಪು ಸವರಿ, ಅದರಲ್ಲಿ ಕಳ್ಳನ ಮುಖ ಕಾಣುತ್ತದೆಂದು ಎಳೆಯರಿಂದ ನೋಡಿಸಲಾಗುತ್ತಿತ್ತು. ಕಾವ್ಯದ ಅಂಜನ ಕಳ್ಳನನ್ನು ಮರೆಮಾಡುತ್ತದೆ. ಆಚರಣೆಯ ಅಂಜನ ಕಳ್ಳನನ್ನು ತೋರಿಸುತ್ತದೆ. ಒಂದೇ ಕಪ್ಪಿಗೆ ಎರಡು ವಿರುದ್ಧ ಗುಣಗಳು.

ಆಚರಣೆಯ ಅಂಜನದ ತೊಡಕು ಬೇರೆಯದು. ಅದರಲ್ಲಿ ಕಂಡ ಮುಖವನ್ನು ಇನ್ನೊಬ್ಬರು ಪರೀಕ್ಷಿಸಲಾರರು. ಊರು ಮೊದಲೇ ಯಾರನ್ನು ಶಂಕಿಸಿದೆಯೋ ಅವರ ಮುಖವೇ ಅಲ್ಲಿ ಮೂಡುವ ಸಂಭವ ಹೆಚ್ಚು. ಒಣಹೂವಿನ ಸದ್ದು ಹಾಗಲ್ಲ. ಅದು ಕೋಣೆಯಲ್ಲಿರುವ ಎಲ್ಲರಿಗೂ ಒಂದೇ ಬಗೆಯಾಗಿ ಕೇಳಿಸುತ್ತದೆ. ಅರಸನೆಂದು ಮೆಲ್ಲಗೆ, ಬಡವನೆಂದು ಜೋರಾಗಿ ಅದು ಸದ್ದು ಮಾಡುವುದಿಲ್ಲ.

ಕನ್ನಡ ಭಾಷೆಯೇ ಈ ಭೇದವನ್ನು ಒಂದು ಪದದಲ್ಲಿ ಹುದುಗಿಸಿಕೊಂಡಿದೆ. ನ್ಯಾಯಶಾಸ್ತ್ರದಲ್ಲಿ ‘ಅನುಮಾನ’ ಎಂದರೆ ಹೊಗೆಯಿಂದ ಬೆಂಕಿಯನ್ನು ತಿಳಿಯುವಂತೆ, ಕುರುಹಿನಿಂದ ಕಾಣದ ವಸ್ತುವನ್ನು ನಿಶ್ಚಯಿಸುವ ಪ್ರಮಾಣ. ಆಡುಮಾತಿನಲ್ಲಿ ‘ಅನುಮಾನ’ ಎಂದರೆ ಶಂಕೆ, ಗುಮಾನಿ. ‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆ ನಿಂತಿರುವುದು ಈ ಎರಡನೆಯ ಅರ್ಥದ ಮೇಲೆ. ಹೆಗಲು ಮುಟ್ಟಿಕೊಂಡವರೆಲ್ಲ ಕಳ್ಳರಲ್ಲ, ಹೆದರಿದವರೂ ಮುಟ್ಟಿಕೊಳ್ಳುತ್ತಾರೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಇನ್ನೊಂದು ಗಾದೆ ನಿಂತಿರುವುದು ಮೊದಲನೆಯ ಅರ್ಥದ ಮೇಲೆ. ಪತ್ತೇದಾರಿಕೆಯೆಂದರೆ ಶಂಕೆಯೆಂಬ ಅನುಮಾನದಿಂದ ಪ್ರಮಾಣವೆಂಬ ಅನುಮಾನದವರೆಗಿನ ನಡಿಗೆ. ನೋಟವಿಲ್ಲದವನು ಆ ನಡಿಗೆಯನ್ನು ಒಂದು ಹೆಜ್ಜೆಯನ್ನೂ ಬಿಡದೆ ನಡೆಯಬೇಕಾಗುತ್ತದೆ. ಕಣ್ಣುಳ್ಳವನಿಗೆ ಅದನ್ನು ಹಾರಿ ದಾಟುವ ಆಮಿಷವಿರುತ್ತದೆ.

೭

ಈ ವಿವೇಚನೆ ಕೇವಲ ಗ್ರಂಥಸ್ಥವಾದುದಲ್ಲ ಎಂಬುದಕ್ಕೆ ಇದೇ ಸೀಮೆಯಲ್ಲಿ ಈಚೆಗೆ ನಡೆದ ಪ್ರಕರಣವೊಂದು ಸಾಕ್ಷಿ. ೨೦೨೦ರ ಹೊತ್ತಿಗೆ ಕೊಡಗಿನ ಆದಿವಾಸಿ ಸಮುದಾಯದ ವ್ಯಕ್ತಿಯೊಬ್ಬರ ಪತ್ನಿ ಕಾಣೆಯಾದರು. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಸರಹದ್ದಿನಲ್ಲಿ ಅಸ್ಥಿಪಂಜರವೊಂದು ದೊರೆಯಿತು. ಅದು ಆ ಮಹಿಳೆಯದೇ ಎಂದು ಭಾವಿಸಿ ಪತಿಯ ಮೇಲೆ ಕೊಲೆಯ ಆರೋಪ ಹೊರಿಸಲಾಯಿತು. ಅವರು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದರು. ೨೦೨೫ರ ಏಪ್ರಿಲ್ ತಿಂಗಳಲ್ಲಿ ‘ಕೊಲೆಯಾದ’ ಮಹಿಳೆ ಮಡಿಕೇರಿಯಲ್ಲಿ ಜೀವಂತವಾಗಿ ಕಾಣಿಸಿಕೊಂಡರು. ಅದೇ ತಿಂಗಳು ಮೈಸೂರಿನ ನ್ಯಾಯಾಲಯ ಪತಿಯನ್ನು ದೋಷಮುಕ್ತಗೊಳಿಸಿ ಒಂದು ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು.

ಈ ಪ್ರಕರಣದಲ್ಲಿ ಜಾನಪದ ಅಧ್ಯಯನದ ದೃಷ್ಟಿಯಿಂದ ಗಮನಿಸಬೇಕಾದ ಅಂಶವೊಂದಿದೆ. ಆ ಅಸ್ಥಿಗಳು ಆ ಮಹಿಳೆಯವಲ್ಲ ಎಂಬುದನ್ನು ಡಿಎನ್‌ಎ ಪರೀಕ್ಷೆ ಮೊದಲೇ ತಿಳಿಸಿತ್ತು. ಕಣ್ಣಿಗೆ ಕಾಣದ, ಯಾರ ಮುಖವನ್ನೂ ನೋಡದ ಆ ಪರೀಕ್ಷೆ ನಮ್ಮ ಕಾಲದ ಒಣಹೂ. ಹೂ ಸದ್ದು ಮಾಡಿತ್ತು. ಅದಕ್ಕೆ ಸಕಾಲದಲ್ಲಿ ಕಿವಿಗೊಡಲಿಲ್ಲ. ಅನುಮಾನದ ಎರಡನೆಯ ಅರ್ಥ ಮೊದಲನೆಯ ಅರ್ಥದ ಸ್ಥಾನವನ್ನು ಆಕ್ರಮಿಸಿತು. ಜಾಡು ಓದುವ ವಿದ್ಯೆಯನ್ನು ಸಾವಿರಾರು ವರ್ಷ ಕಾಪಾಡಿಕೊಂಡು ಬಂದ ಕಾಡಂಚಿನ ಜನರಲ್ಲಿ ಒಬ್ಬರು, ಜಾಡನ್ನು ಓದದ ತನಿಖೆಗೆ ಬಲಿಯಾದುದು ಇದರ ವಿಪರ್ಯಾಸ. ಆ ಅಸ್ಥಿಪಂಜರ ಯಾರದೆಂಬ ಪ್ರಶ್ನೆಯೂ ಇದರೊಡನೆ ಎದ್ದು ನಿಂತಿತು. ಒಬ್ಬ ನಿರಪರಾಧಿಯನ್ನು ಶಂಕಿಸುವ ಭರದಲ್ಲಿ ಸತ್ತ ವ್ಯಕ್ತಿಯೊಬ್ಬರ ಹೆಸರೇ ಮರೆಯಾಯಿತು. ಅಲ್ಲಿ ಮೂಳೆ ಹಾಡಲಿಲ್ಲ. ಹಾಡುವುದು ಕಥೆಗಳಲ್ಲಿ ಮಾತ್ರ. ನಿಜಜೀವನದಲ್ಲಿ ಮೂಳೆಯ ಪರವಾಗಿ ಮನುಷ್ಯರೇ ಶೋಧಿಸಬೇಕು.

೮

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಕುರುಡು ಪತ್ತೇದಾರನ ಪಾತ್ರ ಇಪ್ಪತ್ತನೆಯ ಶತಮಾನದ ಪಶ್ಚಿಮದಲ್ಲಿ ರೂಪುಗೊಂಡರೂ ಅದರ ಆಧಾರವಾದ ಆಶಯ ಜೈನ ಕಥಾಪರಂಪರೆಯಲ್ಲಿ, ಅದರ ಮೂಲಕ ಕಲ್ಲಹಳ್ಳಿಯ ಮಂಗರಸನ ಕಾವ್ಯದಲ್ಲಿ ಸ್ಪಷ್ಟವಾಗ ದೊರೆಯುತ್ತದೆ. ಸತ್ತವರ ದನಿ, ಕಣಿ, ಅಂಜನಗಳ ಅಲೌಕಿಕ ಧಾರೆ ಮತ್ತು ಕುರುಹು, ಸದ್ದು, ವಾಸನೆಗಳ ಲೌಕಿಕ ಧಾರೆ ಈ ಸೀಮೆಯಲ್ಲಿ ಜೊತೆಜೊತೆಯಾಗಿ ಹರಿದಿವೆ. ಜನಪದರು ಮೂಢನಂಬಿಕೆಯಲ್ಲಿ ಮುಳುಗಿದವರೆಂಬ ಸಾರಾಸಗಟು ಮಾತನ್ನು ಎರಡನೆಯ ಧಾರೆ ನಿರಾಕರಿಸುತ್ತದೆ.

ಮುಂದಿನ ಸಂಗ್ರಹಕಾರ್ಯಕ್ಕೂ ಇದರಿಂದ ಒಂದು ಸೂಚನೆ ದೊರೆಯುತ್ತದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಕಥೆಗಳನ್ನು ದಾಖಲಿಸುವವರು ಕಳವು ಕೊಲೆಗಳ ಕಥೆ ಎದುರಾದಾಗ, ಅಪರಾಧಿ ಯಾರೆಂಬುದರ ಜೊತೆಗೆ ಅದು ಹೇಗೆ ತಿಳಿಯಿತು, ಯಾವ ಇಂದ್ರಿಯದಿಂದ ತಿಳಿಯಿತು, ಆ ತಿಳಿವನ್ನು ಇತರರು ಪರೀಕ್ಷಿಸಬಹುದಾಗಿತ್ತೇ ಎಂಬ ಮೂರು ವಿವರಗಳನ್ನು ತಪ್ಪದೆ ಗುರುತಿಸಿಕೊಳ್ಳಬೇಕು. ನೀಲಗಾರರ ರಾತ್ರಿಗಳಲ್ಲಿ, ಹಾಡಿಗಳ ಒಲೆಯ ಬಳಿ, ಬಸದಿಗಳ ಕಥಾಪಠನದಲ್ಲಿ ಈ ಮೂರು ಪ್ರಶ್ನೆಗಳಿಗೆ ದೊರೆಯುವ ಉತ್ತರಗಳು, ನಮ್ಮ ಹಿರಿಯರು ನ್ಯಾಯವನ್ನು ಹೇಗೆ ಕಲ್ಪಿಸಿಕೊಂಡಿದ್ದರೆಂಬುದನ್ನು ತಿಳಿಸಿಕೊಡಬಲ್ಲವು.